ಅನಿಸುತಿದೆ, ಯಾಕೋ: ಜಯಂತ ಕಾಯ್ಕಿಣಿ ಕನ್ನಡದ ಪ್ರೀತಿಗೆ ಕೊಟ್ಟ ಮಾತು

'ಅನಿಸುತಿದೆ.' ಈ ಒಂದು ಪದದ ಹತ್ತಿರ ಸ್ವಲ್ಪ ನಿಲ್ಲೋಣ. ಇದರಲ್ಲಿ 'ನಾನು' ಇಲ್ಲ. ಕನ್ನಡದಲ್ಲಿ ನಮಗೆ ಹಸಿವಾಗುತ್ತದೆ, ಚಳಿಯಾಗುತ್ತದೆ, ನಿದ್ದೆ ಬರುತ್ತದೆ, ಬೇಜಾರಾಗುತ್ತದೆ. ಇವನ್ನೆಲ್ಲ ನಾವು ಮಾಡುವುದಿಲ್ಲ. ಅವು ನಮಗೆ ಆಗುತ್ತವೆ. 'ಅನಿಸೋದು' ಕೂಡ ಅದೇ ಸಾಲಿನ ಮಾತು. ಎಲ್ಲಿಂದಲೋ ಬಂದು ನಮ್ಮ ಮೇಲೆ ಕೂರುತ್ತದೆ.

ಈಗ 'ಪ್ರೀತಿಸುತ್ತೇನೆ' ಅನ್ನುವ ಪದ ನೋಡಿ. ವ್ಯಾಕರಣದ ಪ್ರಕಾರ ಸರಿಯಾಗಿಯೇ ಇದೆ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಯಾರಿಗಾದರೂ ಹಾಗೆ ಹೇಳಿದ್ದನ್ನು ಕೇಳಿದ್ದೀರಾ? 'ನಂಗೆ ನೀನಂದ್ರೆ ಇಷ್ಟ' ಅಂತಾರೆ. 'ಯಾಕೋ ನಿನ್ನ ನೆನಪಾಯ್ತು' ಅಂತಾರೆ. 'ಊಟ ಆಯ್ತಾ' ಅಂತ ಕೇಳಿ ಸುಮ್ಮನಾಗುವವರೂ ಇದ್ದಾರೆ. ಕನ್ನಡದಲ್ಲಿ ಪ್ರೀತಿ ಸುತ್ತು ಹಾಕಿಕೊಂಡೇ ಬರುತ್ತದೆ.

2006ರ ಡಿಸೆಂಬರ್ 29ರಂದು 'ಮುಂಗಾರು ಮಳೆ' ತೆರೆಗೆ ಬಂತು. ಅದರಲ್ಲಿ ಜಯಂತ ಕಾಯ್ಕಿಣಿ ಬರೆದ 'ಅನಿಸುತಿದೆ ಯಾಕೋ ಇಂದು' ಹಾಡು ರಾಜ್ಯವನ್ನೆಲ್ಲ ಹಿಡಿದುಕೊಂಡಿತು. ಮನೋಮೂರ್ತಿ ಅವರ ರಾಗ ಇತ್ತು, ಸೋನು ನಿಗಮ್ ಅವರ ದನಿ ಇತ್ತು, ನಿರ್ದೇಶಕ ಯೋಗರಾಜ್ ಭಟ್ ಅವರ ಮಳೆ ಇತ್ತು. ಇದೆಲ್ಲ ನಿಜ. ಆದರೆ ಹುಡುಗನೊಬ್ಬ ತನ್ನ ಪ್ರೀತಿಯನ್ನು ಘೋಷಣೆ ಮಾಡದೆ, 'ಯಾಕೋ ಹಾಗನ್ನಿಸ್ತಿದೆ' ಎಂದು ಹಿಂಜರಿಯುತ್ತಾ ಶುರುಮಾಡಿದ್ದನ್ನು ಕೇಳಿದಾಗ, ಇದು ನಮ್ಮದೇ ಮಾತು ಎಂದು ಜನಕ್ಕೆ ಅನಿಸಿತು. ಸುಮಾರು ಇಪ್ಪತ್ತು ವರ್ಷ ಕಳೆದರೂ ಮದುವೆ ಆರ್ಕೆಸ್ಟ್ರಾದಲ್ಲಿ, ಕಾಲೇಜು ಫೆಸ್ಟಿನಲ್ಲಿ, ರೀಲ್ಸಿನಲ್ಲಿ ಅದು ಹಳತಾಗಿಲ್ಲ. ನನ್ನ ಮಟ್ಟಿಗೆ ಇದಕ್ಕೆ ದೊಡ್ಡ ಕಾರಣ ಆ ಹಿಂಜರಿಕೆಯೇ. ಅದು ಎಲ್ಲಿಂದ ಬಂತು ಎಂದು ಹುಡುಕಲು ಸಿನಿಮಾ ಬಿಟ್ಟು ಮೂವತ್ತು ವರ್ಷ ಹಿಂದೆ ಹೋಗಬೇಕು.

ಜಯಂತ ಕಾಯ್ಕಿಣಿ ಹುಟ್ಟಿದ್ದು 1955ರ ಜನವರಿ 24ರಂದು, ಗೋಕರ್ಣದಲ್ಲಿ. ತಂದೆ ಗೌರೀಶ ಕಾಯ್ಕಿಣಿ ಮೇಷ್ಟ್ರು, ವಿಮರ್ಶಕರು, ವಿಚಾರವಾದಿ. ತಾಯಿ ಶಾಂತಾ ಸಮಾಜಸೇವೆಯಲ್ಲಿ ತೊಡಗಿಕೊಂಡಿದ್ದವರು. ಮನೆಮಾತು ಕೊಂಕಣಿ, ಬರೆಯುವ ಭಾಷೆ ಕನ್ನಡ. ಹೀಗೆ ಎರಡು ಭಾಷೆಯ ಹೊಸ್ತಿಲ ಮೇಲೆ ಬೆಳೆದವರಿಗೆ ಪದಗಳ ಬಗ್ಗೆ ಬೇರೆಯೇ ಒಂದು ಎಚ್ಚರ ಇರುತ್ತದೆ. ದಿನಾ ಆಡುವವರು ಗಮನಿಸದೇ ಬಿಡುವ 'ಸುಮ್ಮನೆ', 'ಹಾಗೇ', 'ಯಾಕೋ' ಥರದ ಚಿಲ್ಲರೆ ಪದಗಳು ಅವರ ಕಿವಿಗೆ ಜಾಸ್ತಿ ಬೀಳುತ್ತವೆ.

1974ರಲ್ಲಿ ಮೊದಲ ಕವನ ಸಂಕಲನ ಬಂತು: 'ರಂಗದಿಂದೊಂದಿಷ್ಟು ದೂರ'. ಅದಕ್ಕೆ ಕರ್ನಾಟಕ ಸಾಹಿತ್ಯ ಅಕಾಡೆಮಿ ಬಹುಮಾನ ಸಿಕ್ಕಿತು. ಕವಿಗೆ ಆಗ 19 ವರ್ಷ. ಆ ವಯಸ್ಸಿನ ಹುಡುಗ ರಂಗದ ಮಧ್ಯಕ್ಕೆ ನುಗ್ಗುವ ಬದಲು, ಸ್ವಲ್ಪ ದೂರ ನಿಂತು ನೋಡುತ್ತೇನೆ ಎಂದು ಪುಸ್ತಕದ ಹೆಸರಿನಲ್ಲೇ ಹೇಳಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ಇವತ್ತಿನವರೆಗೂ ಅವರು ನಿಂತಿರುವ ಜಾಗ ಅದೇ.

ಆ ಕಾಲವನ್ನೂ ನೆನಪಿಸಿಕೊಳ್ಳಬೇಕು. ಕನ್ನಡದಲ್ಲಿ 'ರಮ್ಯ' ಅನ್ನುವುದು ಒಂದು ಕಾಲಕ್ಕೆ ಹೊಗಳಿಕೆಯ ಪದವಾಗಿತ್ತು. ಕೆ.ಎಸ್. ನರಸಿಂಹಸ್ವಾಮಿ ಅವರ 'ಮೈಸೂರ ಮಲ್ಲಿಗೆ' 1942ರಲ್ಲಿ ಬಂದಾಗ ಗಂಡ ಹೆಂಡತಿಯ ಒಲವು, ಮಾವನ ಮನೆ, ಬಳೆಗಾರ ಎಲ್ಲವೂ ಕವಿತೆಯಾದವು. ಮನೆಮನೆಯಲ್ಲಿ ಅದನ್ನು ಓದಿದರು, ಹಾಡಿದರು. ಆಮೇಲೆ ಸಾಹಿತ್ಯದಲ್ಲಿ ನವ್ಯ ಎಂಬ ಹೊಸ ಚಳವಳಿ ಬಂತು. ಗೋಪಾಲಕೃಷ್ಣ ಅಡಿಗರ 'ಭೂಮಿಗೀತ' 1959ರಲ್ಲಿ. ಭಾವವನ್ನು ಹಾಗೆ ಹರಿಯಬಿಡುವುದು ನವ್ಯಕ್ಕೆ ಹಿಡಿಸಲಿಲ್ಲ. 'ರಮ್ಯ' ಬೈಗುಳದ ಹತ್ತಿರಕ್ಕೆ ಬಂತು. ಕಾಯ್ಕಿಣಿ ಬರೆಯಲು ಶುರುಮಾಡಿದಾಗ ಆ ಗಾಳಿ ಇನ್ನೂ ಜೋರಾಗಿಯೇ ಬೀಸುತ್ತಿತ್ತು.

ಪ್ರೀತಿಯ ಬಗ್ಗೆ ಬರೆಯಬೇಕು ಅನಿಸುವ ಹುಡುಗನಿಗೆ ಅದು ಕಷ್ಟದ ಕಾಲ. ಆದರೆ ಆ ಕಷ್ಟದಿಂದಲೇ ಒಳ್ಳೆಯದಾಯಿತು ಎಂದು ನಾನು ನಂಬುತ್ತೇನೆ. ಭಾವವನ್ನು ಕೈಬಿಗಿ ಹಿಡಿದು ಖರ್ಚು ಮಾಡುವುದನ್ನು ನವ್ಯ ಕಲಿಸಿತು. 'ಅಯ್ಯೋ', 'ಓಹೋ' ಬೇಡ, ಒಂದು ವಸ್ತು ತೋರಿಸು, ಒಂದು ಸಂಗತಿ ಹೇಳು, ಓದುಗ ತಾನೇ ತಿಳಿದುಕೊಳ್ಳುತ್ತಾನೆ ಎಂಬುದೇ ಆ ಪಾಠ. ಮುಂದೆ ಅದೇ ಪಾಠ ಸಿನಿಮಾ ಹಾಡಿನ ಒಳಗೆ ಬಂದಾಗ ಜನಕ್ಕೆ ಹೊಸದಾಗಿ ಕೇಳಿಸಿತು. ನವ್ಯದ ಬಿಗಿಯಲ್ಲಿ ಪಳಗಿದ ಕೈ ಕನ್ನಡದ ಅತ್ಯಂತ ಜನಪ್ರಿಯ ಪ್ರೇಮಗೀತೆ ಬರೆಯಿತು. ಕಾಯ್ಕಿಣಿಯವರನ್ನು ಬರೀ 'ರೊಮ್ಯಾಂಟಿಕ್ ಕವಿ' ಎಂದು ಕರೆದಾಗ ಈ ಅರ್ಧ ಬಿಟ್ಟುಹೋಗುತ್ತದೆ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿ, 1970ರ ದಶಕದ ಕೊನೆಯಲ್ಲಿ ಅವರು ಮುಂಬೈಗೆ ಹೋದರು. ಔಷಧ ಕಂಪನಿಯಲ್ಲಿ ಕೆಮಿಸ್ಟ್. ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲೇ. ಉತ್ತರ ಕನ್ನಡದವರಿಗೆ ಮುಂಬೈ ದೂರದ ಊರಲ್ಲ. ಗೋಕರ್ಣದ ಪಕ್ಕದ ಹನೇಹಳ್ಳಿಯ ಯಶವಂತ ಚಿತ್ತಾಲರೂ ಮುಂಬೈಗೆ ಹೋದರು, ಅವರ ಕೆಲಸವೂ ರಸಾಯನಕ್ಕೆ ಸಂಬಂಧಿಸಿದ್ದೇ, ಅವರೂ ಕನ್ನಡದ ದೊಡ್ಡ ಕತೆಗಾರರಾದರು. ಕರಾವಳಿಯ ಒಂದೇ ಮೂಲೆಯಿಂದ ಹೋದ ಇಬ್ಬರು ಅಲ್ಲಿ ಕೂತು ಕನ್ನಡದಲ್ಲಿ ಬರೆದದ್ದು ನಮ್ಮ ಸಾಹಿತ್ಯದ ಒಂದು ಭಾಗ್ಯ.

ಮುಂಬೈ ಕಾಯ್ಕಿಣಿಯವರಿಗೆ ಕತೆಗಳನ್ನು ಕೊಟ್ಟಿತು. 'ದಗಡೂ ಪರಬನ ಅಶ್ವಮೇಧ', 'ಅಮೃತಬಳ್ಳಿ ಕಷಾಯ', 'ತೂಫಾನ್ ಮೇಲ್'. ಚಾಳುಗಳು, ಲೋಕಲ್ ರೈಲು, ಇರಾನಿ ಹೋಟೆಲು, ಸಣ್ಣ ಸಂಬಳದ ಕೆಲಸ, ಬಾಡಿಗೆ ಕೋಣೆ. 'ನೋ ಪ್ರೆಸೆಂಟ್ಸ್ ಪ್ಲೀಸ್' ಕತೆಯಲ್ಲಿ ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬ ಹುಡುಗ, ಒಬ್ಬ ಹುಡುಗಿ ಮದುವೆಯ ಕಾರ್ಡು ಹೇಗೆ ಅಚ್ಚು ಹಾಕಿಸಬೇಕೆಂದು ಯೋಚಿಸುತ್ತಾರೆ. ಕಾರ್ಡಿನಲ್ಲಿ ಹೆಸರಿನ ಮುಂದೆ ಏನು ಬರೆಯುವುದು ಅನ್ನುವುದೇ ಅವರಿಗೆ ದೊಡ್ಡ ಪ್ರಶ್ನೆ. ಕತೆಯಲ್ಲಿ ಮಳೆ, ಹೂವು, ಚಂದ್ರ ಯಾವುದೂ ಬೇಕಾಗುವುದಿಲ್ಲ. ಒಂದು ಮದುವೆ ಕಾರ್ಡು ಸಾಕು. ಕನ್ನಡದ ಒಳ್ಳೆಯ ಪ್ರೇಮಕತೆಗಳ ಪಟ್ಟಿ ಮಾಡಿದರೆ ನಾನು ಇದನ್ನು ಮೇಲೆಯೇ ಇಡುತ್ತೇನೆ.

ತೇಜಸ್ವಿನಿ ನಿರಂಜನ ಈ ಮುಂಬೈ ಕತೆಗಳನ್ನು ಇಂಗ್ಲಿಷಿಗೆ ತಂದರು. ಆ ಪುಸ್ತಕಕ್ಕೆ 2018ರ ಸಾಲಿನ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂತು. ಅನುವಾದಿತ ಕೃತಿಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಹೊರಗಿನ ಓದುಗರಿಗೆ ಕಾಯ್ಕಿಣಿ ಅಂದರೆ ಮುಂಬೈ ನಗರದ ಕತೆಗಾರ. ನಮ್ಮಲ್ಲಿ ಬಹಳ ಜನಕ್ಕೆ ಅವರು ಪ್ರೇಮಗೀತೆ ಬರೆಯುವವರು. ಇಬ್ಬರೂ ಒಬ್ಬರೇ ಎಂದು ಅರಿತಾಗಲೇ ಹಾಡುಗಳೂ ಸರಿಯಾಗಿ ಕೇಳಿಸುತ್ತವೆ.

ಮಳೆಯ ವಿಷಯ ಒಂದಿಷ್ಟು ಹೇಳಬೇಕು. ಸಿನಿಮಾದಿಂದ ಅವರಿಗೆ ಮಳೆ ಅಂಟಿಕೊಂಡಿತು ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅವರ ಕವನ ಸಂಕಲನಗಳಲ್ಲಿ 'ಶ್ರಾವಣ ಮಧ್ಯಾಹ್ನ' 1987ರದ್ದು, 'ನೀಲಿಮಳೆ' 1997ರದ್ದು. ಅಂಕಣ ಬರಹಗಳ ಪುಸ್ತಕಕ್ಕೂ 'ಬೊಗಸೆಯಲ್ಲಿ ಮಳೆ' ಎಂದೇ ಹೆಸರು. ಗೋಕರ್ಣದಲ್ಲಿ ಹುಟ್ಟಿ ಮುಂಬೈಯಲ್ಲಿ ಬದುಕಿದವರಿಗೆ ಮಳೆ ಅಲಂಕಾರದ ವಸ್ತು ಆಗುವುದಿಲ್ಲ. ಅದು ಬಟ್ಟೆ ಒಣಗದ ನಾಲ್ಕು ತಿಂಗಳು, ನಿಂತುಹೋದ ರೈಲು, ಬಾಗಿಲ ಹತ್ತಿರ ನೀರು ಸೋರುತ್ತಾ ನಿಂತ ಕೊಡೆ. ಇನ್ನೊಂದು ಮಾತು: 'ಮುಂಗಾರು ಮಳೆ'ಯ ಶೀರ್ಷಿಕೆ ಗೀತೆ ಕಾಯ್ಕಿಣಿಯವರದ್ದಲ್ಲ, ಯೋಗರಾಜ್ ಭಟ್ ಅವರದ್ದು. ಇದನ್ನು ತಪ್ಪಾಗಿ ಹೇಳುವವರು ಇವತ್ತಿಗೂ ಸಿಗುತ್ತಾರೆ.

ಮುಂಬೈ ಬಿಟ್ಟು ಬೆಂಗಳೂರಿಗೆ ಬಂದ ಮೇಲೆ 'ಭಾವನಾ' ಮಾಸಪತ್ರಿಕೆಯ ಸಂಪಾದಕರಾದರು. ಟಿವಿಯಲ್ಲಿ ಕುವೆಂಪು, ಬೇಂದ್ರೆ, ಕಾರಂತರ ಬಗ್ಗೆ ಕಾರ್ಯಕ್ರಮ ನಡೆಸಿಕೊಟ್ಟರು. ನಾಗಾಭರಣ ಅವರ 'ಚಿಗುರಿದ ಕನಸು' (2003) ಚಿತ್ರಕ್ಕೆ ಹಾಡು ಬರೆದರು. ಆಮೇಲೆ ಬಂದದ್ದು 'ಮುಂಗಾರು ಮಳೆ'. ಅಂದರೆ ದೊಡ್ಡ ಗೆಲುವು ಸಿಕ್ಕಿದ್ದು 50 ದಾಟಿದ ಮೇಲೆ, ಬರೆಯಲು ಶುರುಮಾಡಿ ಮೂವತ್ತು ವರ್ಷ ಆದ ಮೇಲೆ. ಕಾಲೇಜು ಹುಡುಗರ ಎದೆಬಡಿತಕ್ಕೆ ಮಾತು ಕೊಟ್ಟವರು ಐವತ್ತರ ಗಡಿಯಲ್ಲಿದ್ದ ಒಬ್ಬ ಕೆಮಿಸ್ಟ್.

ಸಿನಿಮಾ ಹಾಡು ಹೇಗೆ ಹುಟ್ಟುತ್ತದೆ ಎಂದು ಗೊತ್ತಿದ್ದರೆ ಅವರ ಕೆಲಸ ಇನ್ನೂ ಚೆನ್ನಾಗಿ ಕಾಣುತ್ತದೆ. ಈಗ ಸಾಮಾನ್ಯವಾಗಿ ಮೊದಲು ಬರುವುದು ಟ್ಯೂನ್. ಸಂಗೀತ ನಿರ್ದೇಶಕರು 'ಲಾಲಾಲ' ಎಂದೋ, ಅರ್ಥವಿಲ್ಲದ ಡಮ್ಮಿ ಪದ ಹಾಕಿಯೋ ಹಾಡಿ ಕಳಿಸುತ್ತಾರೆ. ನಿರ್ದೇಶಕರು ಸನ್ನಿವೇಶ ಹೇಳುತ್ತಾರೆ. ಸಾಹಿತಿ ಆ ಅಳತೆಗೆ ಸರಿಯಾಗಿ ಪದ ಕೂರಿಸಬೇಕು. ಅದನ್ನೇ 'ಮೀಟರ್' ಅಂತಾರೆ. ಸ್ವರ ಎಳೆಯುವ ಕಡೆ ದೀರ್ಘ ಬರಬೇಕು, ಓಡುವ ಕಡೆ ಹ್ರಸ್ವ ಬರಬೇಕು. ಇಲ್ಲದಿದ್ದರೆ ಹಾಡುವವರು ಪದವನ್ನು ಮುರಿಯುತ್ತಾರೆ.

ಈಗ ಮತ್ತೆ ಆ ಮೊದಲ ಸಾಲಿಗೆ ಬನ್ನಿ. ಅ-ನಿ-ಸು-ತಿ-ದೆ. ಐದೂ ಲಘು. ತಕ್ಷಣ ಯಾ-ಕೋ. ಎರಡೂ ಗುರು. ಐದು ಹೆಜ್ಜೆ ಓಡಿ ಬಂದ ಮಾತು 'ಯಾಕೋ' ಹತ್ತಿರ ಬಂದು ಗಕ್ಕನೆ ನಿಲ್ಲುತ್ತದೆ. ಹೇಳಲು ಹೊರಟವನು ಹೇಳಲಾಗದೆ ನಿಂತ ಹಾಗೆ. 'ಅನಿಸುತ್ತಿದೆ' ಎಂದು ಒತ್ತಕ್ಷರ ಹಾಕಿ ಬರೆದಿದ್ದರೆ 'ಸು' ಗುರುವಾಗಿ ಆ ಓಟವೇ ಹೋಗುತ್ತಿತ್ತು. ಒಂದು ತಕಾರ ಬಿಟ್ಟಿದ್ದರಿಂದ ಹುಡುಗನ ಉಸಿರು ಸಿಕ್ಕಿತು. ಇನ್ನು 'ಯಾಕೋ' ಕೊನೆಯ ಆ 'ಓ' ಇದೆಯಲ್ಲ, ಅದು ಕನ್ನಡದ ಒಂದು ಅದ್ಭುತ. ಯಾರು, ಯಾರೋ. ಎಲ್ಲಿ, ಎಲ್ಲೋ. ಏನು, ಏನೋ. ಪ್ರಶ್ನೆಗೆ ಒಂದು 'ಓ' ಸೇರಿಸಿದರೆ ಉತ್ತರ ಬೇಡದ ಪ್ರಶ್ನೆಯಾಗುತ್ತದೆ.

ಆ 'ಓ' ಅವರ ಹಾಡುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ. 'ಮನಸಾರೆ' (2009) ಚಿತ್ರದ 'ಎಲ್ಲೋ ಮಳೆಯಾಗಿದೆಯೆಂದು' ಹಾಡು ನೆನಪಿಸಿಕೊಳ್ಳಿ. ಇಲ್ಲಿ ಮಳೆ ಬಿದ್ದಿಲ್ಲ. ಬೇರೆಲ್ಲೋ ಬಿದ್ದಿದೆ. ಇಲ್ಲಿಗೆ ಬಂದದ್ದು ತಂಗಾಳಿ ಮಾತ್ರ. ಅದರಿಂದ ನಾವು ಊಹಿಸಿಕೊಳ್ಳಬೇಕು. ಮಲೆನಾಡು, ಕರಾವಳಿಯವರಿಗೆ ಇದು ದಿನನಿತ್ಯದ ಅನುಭವ. ಜಗಲಿಯಲ್ಲಿ ಕೂತ ಅಜ್ಜಿ ಗಾಳಿಯ ತಂಪು ನೋಡಿ 'ಘಟ್ಟದ ಮೇಲೆ ಬಿದ್ದಿರಬೇಕು' ಅಂತಾರೆ. ಪ್ರೀತಿ ಕೂಡ ಹಾಗೇ ಗೊತ್ತಾಗುವುದು ಎಂದು ಈ ಕವಿ ಹೇಳುತ್ತಾರೆ. ಕಣ್ಣೆದುರು ಬಂದು ನಿಲ್ಲುವುದಿಲ್ಲ, ಅದರ ಸುಳಿವು ಬರುತ್ತದೆ. ನನಗೆ 'ಅನಿಸುತಿದೆ'ಗಿಂತ ಈ ಹಾಡೇ ದೊಡ್ಡದು.

'ಮಿಲನ' (2007) ಚಿತ್ರದ 'ನಿನ್ನಿಂದಲೇ', 'ಗಾಳಿಪಟ' (2008) ಚಿತ್ರದ 'ಮಿಂಚಾಗಿ ನೀನು ಬರಲು', 'ಪರಮಾತ್ಮ' (2011) ಚಿತ್ರದ 'ಪರವಶನಾದೆನು'. ಹೀಗೆ ಪಟ್ಟಿ ಬೆಳೆಯುತ್ತದೆ. ಅವರ ಪದಗಳು ಹಾಡಿನಿಂದ ಎದ್ದು ಸಿನಿಮಾಗಳ ಹೆಸರೂ ಆದವು. 'ಹಾಗೇ ಸುಮ್ಮನೆ' ಎಂಬ ಚಿತ್ರ 2008ರಲ್ಲಿ ಬಂತು, 'ನಿನ್ನಿಂದಲೇ' 2014ರಲ್ಲಿ. 'ಹಾಗೇ ಸುಮ್ಮನೆ' ಅನ್ನುವುದು ನಮ್ಮಲ್ಲಿ ಯಾರು ಬೇಕಾದರೂ ದಿನಕ್ಕೆ ಹತ್ತು ಸಲ ಆಡುವ ಮಾತು. ಅದನ್ನು ಎತ್ತಿ ಪ್ರೇಮದ ಸಾಲಿನ ಕೊನೆಯಲ್ಲಿಟ್ಟ ಮೇಲೆ ಅದರ ತೂಕ ಬದಲಾಯಿತು.

ತಕರಾರೂ ಇದೆ. 2007ರ ನಂತರ ಕನ್ನಡ ಸಿನಿಮಾದಲ್ಲಿ ಮಳೆ, ಹನಿ, ಮೌನ, ಕನಸು, ಮುಗುಳುನಗೆಗಳ ಪ್ರವಾಹವೇ ಬಂತು. ಯಾವ ಹಾಡು ಯಾವ ಚಿತ್ರದ್ದು ಎಂದು ಬೇರೆ ಮಾಡಲಾಗದಷ್ಟು. ಅನುಕರಿಸಿದವರದ್ದು ದೊಡ್ಡ ಪಾಲು. ಆದರೆ ಕಾಯ್ಕಿಣಿಯವರ ಎಲ್ಲ ಹಾಡೂ ಒಂದೇ ಮಟ್ಟದವು ಎಂದು ನಾನು ಹೇಳಲಾರೆ. ಅವರ ಕತೆಗಳಲ್ಲಿರುವ ಮದುವೆ ಕಾರ್ಡಿನಂಥ ಗಟ್ಟಿ ವಸ್ತು ಎಷ್ಟೋ ಹಾಡುಗಳಲ್ಲಿ ಇಲ್ಲ. ಮೃದುವಾದ ಪದಗಳು ಒಂದರ ಮೇಲೊಂದು ಜಾರಿಹೋಗುತ್ತವೆ. ಇನ್ನೊಂದು ಕೊರತೆ ಸಿನಿಮಾದ್ದೇ. ಈ ಹಾಡುಗಳಲ್ಲಿ ಹೆಚ್ಚಿನವು ಹುಡುಗನ ಬಾಯಲ್ಲಿವೆ. ಹುಡುಗಿಗೆ ಏನನಿಸಿತು ಎಂದು ಕೇಳುವವರು ಕಡಿಮೆ. ಅವರ ಕತೆಗಳ ಹೆಣ್ಣುಗಳಿಗೆ ಇರುವ ಮಾತು, ಕೋಪ, ತೀರ್ಮಾನ ಸಿನಿಮಾ ಹಾಡಿನ ನಾಲ್ಕು ನಿಮಿಷದಲ್ಲಿ ಸಿಗುವುದಿಲ್ಲ. ಆದರೂ ಆ ಹುಡುಗ ಹಿಂದೆ ಬಿದ್ದು ಕಾಡುವವನಲ್ಲ, ತನ್ನೊಳಗೆ ಏನಾಗುತ್ತಿದೆ ಎಂದು ಬೆರಗಾಗಿ ನಿಂತವನು. ಕನ್ನಡ ಸಿನಿಮಾದ ನಾಯಕನಿಗೆ ಆ ಸಂಕೋಚ ಬಂದದ್ದು ಸಣ್ಣ ಬದಲಾವಣೆ ಅಲ್ಲ.

ಇಷ್ಟಾದರೂ, ಅವರ ಹಾಡು ಗೊತ್ತಿದ್ದವರಲ್ಲಿ ಎಷ್ಟು ಜನಕ್ಕೆ ಅವರ ಹೆಸರು ಗೊತ್ತು?

ಮೊನ್ನೆ ಅಕ್ಕನ ಮಗಳು ಫೋನಿನಲ್ಲಿ 'ಎಲ್ಲೋ ಮಳೆಯಾಗಿದೆಯೆಂದು' ಹಾಕಿಕೊಂಡು ಪಾತ್ರೆ ಒರೆಸುತ್ತಿದ್ದಳು. ಪೂರ್ತಿ ಹಾಡು ಬಾಯಿಪಾಠ. ಬರೆದವರು ಯಾರು ಎಂದು ಕೇಳಿದೆ. 'ಸೋನು ನಿಗಮ್ ಅಲ್ವಾ ಮಾಮ?' ಎಂದಳು. ಅವಳ ತಪ್ಪಲ್ಲ. ಅವಳ ಫೋನ್ ತೆಗೆದುಕೊಂಡು ನೋಡಿದೆ. ಪರದೆಯ ಮೇಲೆ ಹಾಡಿನ ಹೆಸರು, ಗಾಯಕರ ಹೆಸರು, ಚಿತ್ರದ ಹೆಸರು. ಪಕ್ಕದ ಮೂರು ಚುಕ್ಕಿ ಒತ್ತಿ, ಕೆಳಗೆ ಜಾರಿಸಿ, ಇನ್ನೊಂದು ಕಡೆ ಒತ್ತಿದ ಮೇಲೆ ಬರೆದವರ ಹೆಸರು ಬಂತು. ಇಂಗ್ಲಿಷ್ ಅಕ್ಷರದಲ್ಲಿ, ಸಣ್ಣದಾಗಿ.

ನಾವು ಆಕಾಶವಾಣಿ ಕೇಳಿ ಬೆಳೆದವರು. ಹಾಡು ಬರುವ ಮೊದಲು ಚಿತ್ರದ ಹೆಸರಿನ ಜೊತೆ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಹಾಡಿದವರು ಯಾರು ಎಂದು ಹೇಳುತ್ತಿದ್ದರು. ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್, ವಿಜಯನಾರಸಿಂಹ, ಆಮೇಲೆ ಹಂಸಲೇಖ, ದೊಡ್ಡರಂಗೇಗೌಡ. ಈ ಹೆಸರುಗಳನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ಕಿವಿಯಿಂದ ಕಲಿತೆವು. 1978ರಲ್ಲಿ ನಿಸಾರ್ ಅಹಮದ್ ಅವರ 'ನಿತ್ಯೋತ್ಸವ' ಕ್ಯಾಸೆಟ್ ಬಂದ ಮೇಲೆ ಭಾವಗೀತೆಗಳ ದೊಡ್ಡ ಸಾಲೇ ಬಂತು. ಆ ಕ್ಯಾಸೆಟ್ಟಿನ ಒಳಗಿನ ಮಡಚಿದ ಕಾಗದದಲ್ಲಿ ಕವಿಯ ಹೆಸರು ದೊಡ್ಡದಾಗಿಯೇ ಇರುತ್ತಿತ್ತು. ಎಂಪಿ3 ಬಂದಾಗ ಆ ಕಾಗದ ಹೋಯಿತು. ಈಗ ರೀಲ್ಸಿನಲ್ಲಿ ಹಾಡು ಹದಿನೈದು ಇಪ್ಪತ್ತು ಸೆಕೆಂಡಿನ ತುಂಡಾಗಿದೆ. ಎಷ್ಟೋ ಸಲ 'ಒರಿಜಿನಲ್ ಆಡಿಯೋ' ಎಂದು ವಿಡಿಯೋ ಹಾಕಿದವರ ಹೆಸರೇ ಕಾಣುತ್ತದೆ.

ಹೆಸರು ಹೋದರೆ ಏನು ಹೋಯಿತು ಎಂದು ಕೇಳಬಹುದು. ಮೊದಲನೆಯದು ಹಣ. ಹಿಂದೆ ಸಾಹಿತಿಗೆ ಒಂದು ಹಾಡಿಗೆ ಇಷ್ಟು ಎಂದು ಒಮ್ಮೆ ಕೊಟ್ಟರೆ ಮುಗಿಯಿತು. ಆ ಹಾಡು ನಲವತ್ತು ವರ್ಷ ಮೊಳಗಿದರೂ ಬರೆದವರಿಗೆ ಏನೂ ಬರುತ್ತಿರಲಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು. ರಾಜ್ಯಸಭೆಯಲ್ಲಿ ಅದಕ್ಕಾಗಿ ದನಿ ಎತ್ತಿದವರಲ್ಲಿ ಹಿಂದಿಯ ಗೀತರಚನೆಕಾರ ಜಾವೇದ್ ಅಖ್ತರ್ ಮುಖ್ಯರು. ಆ ತಿದ್ದುಪಡಿಯ ಪ್ರಕಾರ ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದನ್ನು ಬಿಟ್ಟು ಉಳಿದ ಬಳಕೆಗಳಿಂದ ಬರುವ ರಾಯಲ್ಟಿಯಲ್ಲಿ ಸಾಹಿತಿಗೂ ಸಂಗೀತ ನಿರ್ದೇಶಕರಿಗೂ ಪಾಲು ಇದೆ. ಆ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಹೋಗುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕು ಸಂಗ್ರಹಿಸುವ ಸೊಸೈಟಿಗೆ ಮಾತ್ರ ಕೊಡಬಹುದು. ಬರೆದವರು ತೀರಿಕೊಂಡ ಮೇಲೂ 60 ವರ್ಷ ಕೃತಿಸ್ವಾಮ್ಯ ನಡೆಯುತ್ತದೆ. ಆದರೆ ಈ ಲೆಕ್ಕವೆಲ್ಲ ನಿಂತಿರುವುದು ಹೆಸರಿನ ಮೇಲೆ. ಹಾಡಿನ ದಾಖಲೆಯಲ್ಲಿ ಸಾಹಿತಿಯ ಹೆಸರು ಇಲ್ಲದಿದ್ದರೆ, ಅಥವಾ ತಪ್ಪಾಗಿದ್ದರೆ, ಹಣ ದಾರಿ ತಪ್ಪುತ್ತದೆ. 'ಜಯಂತ', 'ಜಯಂತ್', 'ಕಾಯ್ಕಿಣಿ', 'ಕೈಕಿಣಿ' ಎಂದು ಇಂಗ್ಲಿಷಿನಲ್ಲಿ ನಾಲ್ಕು ಥರ ಬರೆದರೆ ಯಂತ್ರಕ್ಕೆ ಅವರು ನಾಲ್ಕು ಜನ. ಬರೆದದ್ದು ತನ್ನದು ಎಂದು ಹೇಳಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆಯ 57ನೇ ಕಲಮು ಬೇರೆಯಾಗಿಯೇ ಕೊಟ್ಟಿದೆ.

ಎರಡನೆಯದು ನನಗೆ ಹಣಕ್ಕಿಂತ ದೊಡ್ಡದು. ಹೆಸರು ಗೊತ್ತಿದ್ದರೆ ಮಾತ್ರ ಹಾಡಿನಿಂದ ಪುಸ್ತಕಕ್ಕೆ ದಾರಿ ಇರುತ್ತದೆ. 'ಮೈಸೂರ ಮಲ್ಲಿಗೆ'ಯ ಹಾಡು ಕೇಳಿದವರು ಕೆ.ಎಸ್.ನ. ಅವರ ಸಂಕಲನ ಹುಡುಕಿ ಓದಿದರು. ಕಾಯ್ಕಿಣಿಯವರ ಹಾಡು ಕೇಳುವವರು ಅವರ 'ಒಂದು ಜಿಲೇಬಿ' (2008) ಓದಬೇಕಲ್ವಾ? 2021ರಲ್ಲಿ ಬಂದ 'ವಿಚಿತ್ರಸೇನನ ವೈಖರಿ' ಓದಬೇಕಲ್ವಾ? ಅಲ್ಲಿ ಟ್ಯೂನಿನ ಅಳತೆ ಇಲ್ಲ, ನಿರ್ದೇಶಕರ ಸನ್ನಿವೇಶ ಇಲ್ಲ, ನಾಯಕನ ವಯಸ್ಸಿನ ಹಂಗಿಲ್ಲ. ಪುಸ್ತಕದ ಕವಿತೆಗಳಲ್ಲಿ ಅವರು ನಿಂತು, ತಡೆದು, ಬೇಕಾದರೆ ಒರಟಾಗಿಯೂ ಮಾತಾಡುತ್ತಾರೆ. ಕನ್ನಡದಲ್ಲಿ ಬದುಕಿರುವ ಪ್ರೇಮಕವಿಯೊಬ್ಬರನ್ನು ಲಕ್ಷಾಂತರ ಜನ ಹಾಡುತ್ತಿದ್ದೇವೆ, ಆದರೆ ಓದುವವರು ಅದರಲ್ಲಿ ಚೂರು ಭಾಗವೂ ಇಲ್ಲ. ಈ ಅಂತರ ನನಗೆ ನೋವು ಕೊಡುತ್ತದೆ.

ಅಪ್ಪ ಅಮ್ಮಂದಿರು, ಮೇಷ್ಟ್ರುಗಳು, ಹಾಡಿನ ಕಾರ್ಯಕ್ರಮ ನಡೆಸುವವರು ಮಾಡಬಹುದಾದದ್ದು ಕಷ್ಟದ ಕೆಲಸ ಅಲ್ಲ. ವೇದಿಕೆಯಲ್ಲಿ ಹಾಡುವ ಮೊದಲು 'ಸಾಹಿತ್ಯ ಇಂಥವರದ್ದು' ಎಂದು ಒಂದು ಮಾತು ಹೇಳುವುದು. ರೀಲ್ಸ್ ಹಾಕುವಾಗ ಕೆಳಗೆ ಬರೆದವರ ಹೆಸರು ಸೇರಿಸುವುದು, ಅದೂ ಕನ್ನಡ ಅಕ್ಷರದಲ್ಲಿ.

ಅವತ್ತು ಅಡುಗೆಮನೆಯಲ್ಲಿ ಅಕ್ಕನ ಮಗಳಿಗೆ ಹೆಸರು ಹೇಳಿದೆ. ಕೈ ಒರೆಸಿಕೊಂಡು ಫೋನಿನಲ್ಲಿ ಹುಡುಕಿದಳು. ತನಗೆ ಇಷ್ಟವಾದ ಏಳೆಂಟು ಹಾಡು ಒಬ್ಬರವೇ ಎಂದು ನೋಡಿ ಅವಳಿಗೆ ಆಶ್ಚರ್ಯ.

'ಇವ್ರು ಕತೆನೂ ಬರೀತಾರಾ ಮಾಮ?'

ಕಪಾಟಿನಿಂದ 'ತೂಫಾನ್ ಮೇಲ್' ತೆಗೆದುಕೊಟ್ಟೆ. ಹಿಂದೆ ಮುಂದೆ ತಿರುಗಿಸಿ, ಮಧ್ಯದ ಒಂದು ಪುಟ ತೆರೆದು, ನಿಂತಲ್ಲೇ ಓದಲು ಶುರುಮಾಡಿದಳು. ಹಾಡು ಇನ್ನೂ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೈ ಚಾಚಿ ಅದನ್ನು ನಿಲ್ಲಿಸಿದಳು.